ಬೇಡದ್ದು

ಆ ಗುರುವಾರ ಸಂಜೆ ನಾಲ್ಕಕ್ಕೆ ನಮ್ಮ ಭಾವ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿದ್ದರು. ನಾನು ಬೆಳಗ್ಗೆ ಎಂಟಕ್ಕೇ ಕಚೇರಿಗೆ ಹೋಗಿ ಕೂತೆ. ಅಷ್ಟು ಬೇಗ ಹೋಗಿ ಕಡಿದು ಕಟ್ಟೆ ಹಾಕುವಂಥದ್ದೇನೂ ಇರಲಿಲ್ಲ. ಮನೆಯಲ್ಲಿದ್ದರೆ ಗೋಡೆ ಪರಚಿಕೊಳ್ಳುವಂತಾಗುತ್ತಿತ್ತು, ಅಷ್ಟೆ.

ನಾನು ಮೊದಲಿಂದಲೂ ಕಾದು ಕೂರುವವಳಲ್ಲ. ಬಸ್ಸು ನಿಲ್ಲುವ ಮೊದಲೇ ಇಳಿಯುತ್ತೇನೆ, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತೇನೆ. ಅಕ್ಕನನ್ನು ಮದುವೆಯಾದ ವರ್ಷವೇ ಭಾವ ನನಗೆ ‘ತರಾತುರಿ’ ಎಂದು ಹೆಸರಿಟ್ಟರು. ಆಮೇಲೆ ಅವರಿದ್ದ ನೀರು ಸರಬರಾಜು ಕಚೇರಿಗೇ ನಾನೂ ಸೇರಿದೆ. ಹೆಸರು ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ಭಾವನದು ನಕ್ಷೆ ವಿಭಾಗ. ಊರಿನ ನೆಲದಡಿಯ ಪ್ರತಿ ಪೈಪು, ಪ್ರತಿ ವಾಲ್ವು, ಅದು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಅವರ ನಕ್ಷೆಯಲ್ಲಿರುತ್ತದೆ. ಆ ನಕ್ಷೆ ಇರುವ ಸರ್ವರ್ ನನ್ನ ಸುಪರ್ದಿಯಲ್ಲಿರುತ್ತದೆ.

ಆರು ವಾರದ ಹಿಂದೆ ಒಬ್ಬ ಫಿಟ್ಟರ್ ಪೈಪು ಸೋರುವುದನ್ನು ಸರಿಮಾಡಲು ಗುಂಡಿಗಿಳಿದ. ಇಳಿಯುವ ಮುಂಚೆ ನಿಯಮದ ಪ್ರಕಾರ ಕಚೇರಿಗೆ ಫೋನ್ ಮಾಡಿ ಕೇಳಿದ. ಹದಿನೇಳನೇ ವಾಲ್ವ್ ಮುಚ್ಚಿದೆ ಎಂದು ನಕ್ಷೆ ಹೇಳಿತು. ಅವನು ಬೋಲ್ಟ್ ಸಡಿಲಿಸಿದ. ವಾಲ್ವ್ ಮುಚ್ಚಿರಲಿಲ್ಲ. ನೀರಿನ ರಭಸ ಅವನನ್ನು ಎತ್ತಿ ಗುಂಡಿಯ ಗೋಡೆಗೆ ಬಡಿಯಿತು, ಬಲಗಾಲು ಎರಡು ಕಡೆ ಮುರಿಯಿತು. ವಿಚಾರಿಸಿದರೆ, ಒಂಬತ್ತು ದಿನ ಮೊದಲೇ ಆ ವಾಲ್ವನ್ನು ತೆರೆದು, ತೆರೆದವರು ಭಾವನ ಮೇಜಿಗೆ ಚೀಟಿ ಕಳಿಸಿದ್ದರು.

“ಹಾಕಿದ್ದೆ. ನನ್ನ ಕೈಯಾರೆ ನಕ್ಷೇಲಿ ಹಾಕಿದ್ದೆ,” ಅಂದರು ಭಾವ.

ಯಾವ ದಿನ ಎಂದು ಕೇಳಿದರೆ ಅವರಿಗೆ ಹೇಳಲಾಗಲಿಲ್ಲ. ಯಾವುದೋ ಬೆಳಗ್ಗೆ ಅಂದರು. ನಕ್ಷೆಯಲ್ಲಿ ಅಂಥ ನಮೂದೇ ಇರಲಿಲ್ಲ.

ಇಲ್ಲಿಂದ ಮುಂದೆ ನನ್ನ ಪಾತ್ರ ಶುರು. ನಮ್ಮ ಸರ್ವರ್ ಬರೆದದ್ದರ ಮೇಲೆ ಬರೆಯುವ ಜಾತಿಯದಲ್ಲ. ನಕ್ಷೆಯಲ್ಲಿ ಒಂದು ಗೆರೆ ಬದಲಾಯಿಸಿದರೆ ಅದು ಹಳೆಯ ಗೆರೆಯನ್ನು ಮುಟ್ಟುವುದಿಲ್ಲ. ಹೊಸದನ್ನು ಡಿಸ್ಕಿನಲ್ಲಿ ಖಾಲಿ ಇರುವ ಬೇರೊಂದು ಕಡೆ ಬರೆದು, ಇನ್ನು ಮೇಲೆ ಇಲ್ಲಿ ನೋಡಿ ಎಂದು ವಿಳಾಸವನ್ನಷ್ಟೇ ತಿದ್ದುತ್ತದೆ. ಹಳೆಯದನ್ನು ಯಾರೂ ಹಿಡಿದುಕೊಂಡಿಲ್ಲದಿದ್ದರೆ ಆ ಜಾಗ ಖಾಲಿಯಾಗುತ್ತದೆ. ಸ್ನ್ಯಾಪ್‌ಶಾಟ್ ಅಂದರೆ ಹಾಗೆ ಹಿಡಿದುಕೊಳ್ಳುವುದು. ಈ ಗಳಿಗೆಯ ವಿಳಾಸಪಟ್ಟಿಯನ್ನು ಕೈಬಿಡದೆ ಇಟ್ಟುಕೊಂಡರೆ ಆಯಿತು, ಆಮೇಲೆ ನಕ್ಷೆ ಎಷ್ಟೇ ಬದಲಾದರೂ ಆ ಪಟ್ಟಿ ಹಿಡಿದು ಹೋದರೆ ಈ ಗಳಿಗೆಯ ನಕ್ಷೆ ಹಾಗೇ ಸಿಗುತ್ತದೆ. ದಿನದ ಕೆಲಸ ಮುಗಿದ ಮೇಲೆ ಸರ್ವರ್ ತಾನಾಗಿಯೇ ಒಂದು ಸ್ನ್ಯಾಪ್‌ಶಾಟ್ ತೆಗೆದು, ಮೂವತ್ತು ದಿನ ಇಟ್ಟುಕೊಳ್ಳುತ್ತದೆ.

ಫಿಟ್ಟರ್ ಬಿದ್ದ ಮರುದಿನ ನಾನು ಆ ಮೂವತ್ತನ್ನೂ ತೆರೆದು ನೋಡಿದೆ. ಭಾವ ಹಾಕಿದ್ದರೆ ಒಂದರಲ್ಲಾದರೂ ಇರಲೇಬೇಕಲ್ಲ? ಒಂದರಲ್ಲೂ ಇರಲಿಲ್ಲ. ಪ್ರತಿದಿನ ಸಂಜೆಯ ನಕ್ಷೆಯಲ್ಲೂ ಹದಿನೇಳನೇ ವಾಲ್ವ್ ಮುಚ್ಚಿಕೊಂಡೇ ಇತ್ತು. ನೇರ ಅಕ್ಕನ ಮನೆಗೆ ಹೋಗಿ, ಚಪ್ಪಲಿಯನ್ನೂ ಬಿಡದೆ ಹೇಳಿದೆ.

“ಭಾವ, ಮೂವತ್ತನ್ನೂ ನಾನೇ ನೋಡ್ದೆ. ನೀವು ಹಾಕಿಲ್ಲ.”

ಅವರು ಲೋಟ ಕೆಳಗಿಟ್ಟರು. “ನೀನೇ ನೋಡ್ದ್ಯಾ?”

“ಎರಡೆರಡು ಸಲ.”

“ಹಾಗಾದ್ರೆ ಹಾಕಿಲ್ಲ ಬಿಡು.”

ಭಾವನ ಅಪ್ಪನಿಗೆ ಐವತ್ತು ದಾಟಿದ ಮೇಲೆ ಮರೆವು ಹತ್ತಿತ್ತು. ಮೊದಲು ಕನ್ನಡಕ, ಆಮೇಲೆ ಮನೆಯ ದಾರಿ, ಕೊನೆಗೆ ಹೆಂಡತಿಯನ್ನೇ ‘ನೀವು ಯಾರ ಕಡೆಯವರು’ ಎಂದು ಕೇಳುವ ಮಟ್ಟಕ್ಕೆ ಹೋಗಿತ್ತು. ಭಾವನಿಗೆ ಈಗ ಐವತ್ತೊಂದು. ನನ್ನ ಮಾತು ಕೇಳಿದ ವಾರದಿಂದ ಅವರು ಅಂಗೈ ಮೇಲೆ ಬರೆದುಕೊಳ್ಳತೊಡಗಿದರು: ಗ್ಯಾಸ್ ಆರಿಸಿದೆ, ಬೀಗ ಹಾಕಿದೆ. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. “ಕೆಲಸ ಹೋದ್ರೆ ಹೋಗ್ಲಿ ಕಣೇ, ಮನುಷ್ಯ ನನ್ನ ಕಣ್ಣೆದುರೇ ಕುಗ್ಗಿ ಹೋಗ್ತಿದಾರೆ. ಬೆಳಗ್ಗೆ ಎದ್ದು ನನ್ನ ಹೆಸರು, ಮಕ್ಕಳ ಹೆಸರು ಪಿಸುಗುಟ್ಕೊಳ್ತಾರೆ. ಪರೀಕ್ಷೆ ಮಾಡ್ಕೊಳ್ಳೋ ಹಾಗೆ.” ಆ ಗುರುವಾರ ಸಹಿ ಹಾಕಿದರೆ ಅವರನ್ನು ಪೈಪು ಇಡುವ ಉಗ್ರಾಣಕ್ಕೆ ಹಾಕುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಭಾವ ಒಪ್ಪಿದ್ದರು. ತಮ್ಮ ತಲೆ ನೆಟ್ಟಗಿಲ್ಲ ಎಂದು ತಾವೇ ಬರೆದುಕೊಡುವುದಕ್ಕೂ ಅವರು ತಯಾರಾಗಿದ್ದರು.

ಬೆಳಗ್ಗೆ ಎಂಟಕ್ಕೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ. ಕುರ್ಚಿಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಸರ್ವರ್ ಕೋಣೆಯ ಫ್ಯಾನುಗಳ ಸದ್ದು ಅವತ್ತು ಹಲ್ಲಿನೊಳಗೆ ಕೊರೆದಂತೆ ಕೇಳುತ್ತಿತ್ತು. ಸುಮ್ಮನಿರಲಾರದೆ ನಕ್ಷೆ ತೆರೆದೆ. ತೆರೆದುಕೊಳ್ಳಲು ಮೂರು ನಿಮಿಷ ತೆಗೆದುಕೊಂಡಿತು.

ಅದೂ ಆ ಸರ್ವರಿನ ಗುಣವೇ. ಪ್ರತಿ ತಿದ್ದುಪಡಿಯೂ ಖಾಲಿ ಕಂಡ ಕಡೆ ಹೋಗಿ ಕೂರುವುದರಿಂದ, ವರ್ಷಗಟ್ಟಲೆ ತಿದ್ದಿದ ದೊಡ್ಡ ಫೈಲು ಡಿಸ್ಕಿನ ತುಂಬ ಚಿಂದಿಚಿಂದಿಯಾಗಿ ಹರಡಿಹೋಗಿರುತ್ತದೆ. ಓದಬೇಕಾದರೆ ಡಿಸ್ಕಿನ ಮುಳ್ಳು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಓಡಿ ಸಾಯಬೇಕು. ಸಂಜೆ ಸಹಿ ಹಾಕಿಸಿಕೊಳ್ಳಲು ಬರುವ ವಿಚಾರಣೆಯವರು ಈ ನಕ್ಷೆ ತೆರೆಯುತ್ತಾರೆ, ಮೂರು ನಿಮಿಷ ಎಲ್ಲರೂ ಭಾವನ ಮುಖ ನೋಡಿಕೊಂಡು ಕೂರುತ್ತಾರೆ. ಅದೊಂದನ್ನಾದರೂ ತಪ್ಪಿಸೋಣ ಅನ್ನಿಸಿತು. ಯಾರನ್ನೂ ಕೇಳದೆ, ಇಡೀ ನಕ್ಷೆಯ ಚೂರುಗಳನ್ನೆಲ್ಲ ಒಟ್ಟುಮಾಡಿ ಸಾಲಾಗಿ ಜೋಡಿಸು ಎಂದು ಆಜ್ಞೆ ಕೊಟ್ಟುಬಿಟ್ಟೆ.

ಮೂರು ತಿಂಗಳ ಅನುಭವವಿರುವ ಹೊಸಬಳೂ ಈ ತಪ್ಪು ಮಾಡುವುದಿಲ್ಲ. ಹೊಸಬಳು ಕೈಪಿಡಿ ಓದುತ್ತಾಳೆ. ನಾನು ಹನ್ನೊಂದು ವರ್ಷದವಳು, ನನಗೆ ಕೈಪಿಡಿ ಯಾಕೆ? ಜೋಡಿಸುವುದು ಎಂದರೆ ಸಾಲಾಗಿ ಹೊಸದೊಂದು ಪ್ರತಿ ಬರೆಯುವುದು. ಹಳೆಯ ಚೂರುಗಳು ಖಾಲಿಯಾಗಬೇಕಾದರೆ ಅವನ್ನು ಯಾರೂ ಹಿಡಿದುಕೊಂಡಿರಬಾರದು. ಸ್ನ್ಯಾಪ್‌ಶಾಟುಗಳೆಲ್ಲ ಅವನ್ನು ಹಿಡಿದುಕೊಂಡು ಕೂತಿದ್ದವು. ಹೀಗಾಗಿ ಆಕಾಶದಿಂದ ತೆಗೆದ ಚಿತ್ರಗಳೂ ಸೇರಿ ಇಡೀ ಊರಿನ ನಕ್ಷೆ ಡಿಸ್ಕಿನಲ್ಲಿ ಎರಡೆರಡು ಸಲ ಕೂರಲು ಹೊರಟಿತು. ಹನ್ನೊಂದು ಗಂಟೆಗೆ ಪರದೆಯ ಮೇಲೆ ‘ಉಳಿದ ಜಾಗ ೦’ ಎಂದು ಬಂತು. ಸರ್ವರ್ ಬರೆಯುವುದನ್ನು ನಿಲ್ಲಿಸಿ, ಓದಲು ಮಾತ್ರ ಬಿಟ್ಟಿತು.

ಐದೇ ನಿಮಿಷದಲ್ಲಿ ದೂರು ವಿಭಾಗದ ಹಿರಿಯಾಕೆ ಬಂದರು. ಇಡೀ ಕಚೇರಿಗೆ ಅವರು ದೂರಮ್ಮ.

“ಏನ್ ಮಾಡಿದ್ಯೇ ತರಾತುರಿ? ಒಂದು ದೂರೂ ದಾಖಲಾಗ್ತಿಲ್ಲ. ಫೋನ್ ಒಂದೇ ಸಮನೆ ಬಡ್ಕೋತಿದೆ. ನಾನು ಗೋಡೆ ಮೇಲೆ ಬರ್ಕೊಳ್ಳಾ?”

“ಹತ್ತು ನಿಮಿಷ ಕೊಡಿ.”

“ನಿನ್ನ ಹತ್ತು ನಿಮಿಷ ನಂಗೊತ್ತು.”

ಅವರ ಹಿಂದೆಯೇ ನಮ್ಮ ಮುಖ್ಯ ಎಂಜಿನಿಯರು ಬಂದರು. ಅವರಿಗೆ ನಾವಿಟ್ಟ ಹೆಸರು ದೊಡ್ಡವರು. ಅವರು ಕೂಗಾಡುವುದಿಲ್ಲ, ಕೈಗಡಿಯಾರ ನೋಡುತ್ತಾರೆ. ನಾನು ವಿಷಯ ಹೇಳಿದೆ.

“ಹಳೇ ಸ್ನ್ಯಾಪ್‌ಶಾಟ್ ಯಾವ್ದಾದ್ರೂ ಬೇಕಾ?” ಎಂದರು.

“ಬೇಡ ಸಾರ್.”

“ಮತ್ತೆ ಎಲ್ಲಾ ಅಳಿಸಿಬಿಡಿ. ಮೂರೂವರೆಗೆ ಸರಿ ಇರ್ಬೇಕು. ನಾಲ್ಕಕ್ಕೆ ಅವರೆಲ್ಲ ಬರ್ತಾರೆ.”

ಅಳಿಸಲು ಹೋದೆ. ಸರ್ವರ್ ಒಪ್ಪಲಿಲ್ಲ. ಅಳಿಸಿದ್ದೇನೆ ಎಂಬುದನ್ನೂ ಅದು ಎಲ್ಲೋ ಒಂದು ಕಡೆ ಹೊಸದಾಗಿ ಬರೆಯಬೇಕು, ಬರೆಯಲು ಜಾಗವಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು. ಇದಕ್ಕೊಂದು ಅಡ್ಡದಾರಿ ಇದೆ. ಹೊರಗಿನ ಡಿಸ್ಕೊಂದನ್ನು ಸರ್ವರ್‌ಗೆ ಸೇರಿಸಿ ‘ಇದೂ ನಿನ್ನದೇ’ ಎಂದರೆ, ಆ ಚೂರು ಜಾಗದಲ್ಲಿ ಬರೆದುಕೊಂಡು ಅಳಿಸುವ ಕೆಲಸ ಶುರುಮಾಡುತ್ತದೆ. ಕಚೇರಿಯಲ್ಲೆಲ್ಲ ಹುಡುಕಿದರೆ ಸಿಕ್ಕಿದ್ದು ದೂರಮ್ಮನ ಪೆನ್‌ಡ್ರೈವ್ ಒಂದೇ.

“ಅದರಲ್ಲಿ ನನ್ನ ಹಾಡುಗಳಿವೆ.”

“ಎಲ್ಲಾ ಹೋಗ್ತವೆ ಅಮ್ಮಾ.”

“ಎಲ್ಲಾನಾ?” ಅವರು ಅದನ್ನು ಒಂದು ಕ್ಷಣ ಮುಷ್ಟಿಯಲ್ಲಿ ಹಿಡಿದರು. “ನಿಮ್ಮ ಭಾವ ಹಿಂದೊಂದು ಸಲ ನನ್ನ ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ತಗೋ.”

ಸರ್ವರ್ ಅನ್ನು ಆರಿಸಿ ಮತ್ತೆ ಎಬ್ಬಿಸಿ, ಪೆನ್‌ಡ್ರೈವ್ ಸೇರಿಸಿ, ಅಳಿಸಲು ಕೂತೆ. ನಿನ್ನೆಯದು, ಮೊನ್ನೆಯದು, ಆಚೆ ಮೊನ್ನೆಯದು. ಒಂದೊಂದನ್ನೂ ಬಿಡಿಸಿ ಬಿಡುವುದಕ್ಕೆ ಅದಕ್ಕೆ ಅದರದೇ ಸಮಯ ಬೇಕು. ನಾನು ಕಾಲು ಕುಣಿಸುತ್ತಾ, ಉಗುರು ಕಚ್ಚುತ್ತಾ ಸಂಖ್ಯೆ ನೋಡುತ್ತಿದ್ದೆ. ಹತ್ತು ಅಳಿಸಿದರೂ ಉಳಿದ ಜಾಗ ಅಲ್ಲಾಡಲಿಲ್ಲ. ಇಪ್ಪತ್ತಾಯಿತು, ಚೂರೇ ಚೂರು ಏರಿತು. ಮೂರು ಗಂಟೆಗೆ ಮೂವತ್ತೂ ಹೋದವು. ಕಚೇರಿಯವರು ದೂರು ಬರೆದುಕೊಳ್ಳುವಷ್ಟು, ಒಂದೆರಡು ದಿನ ತಳ್ಳುವಷ್ಟು ಜಾಗ ಬಂತು. ಬರಬೇಕಾದ ದೊಡ್ಡ ಪಾಲು ಮಾತ್ರ ಬರಲಿಲ್ಲ.

ಅಂದರೆ ಇನ್ನೂ ಯಾರೋ ಹಿಡಿದುಕೊಂಡಿದ್ದಾರೆ.

ತಾನಾಗಿ ಆಗುವ ಸ್ನ್ಯಾಪ್‌ಶಾಟುಗಳ ಪಟ್ಟಿ ಖಾಲಿ. ಎಲ್ಲ ಬಗೆಯದನ್ನೂ ತೋರಿಸು ಎಂದು ಕೇಳಿದೆ. ಒಂದೇ ಒಂದು ಹೆಸರು ಬಂತು. ಕೈಯಿಂದ ಮಾಡಿದ್ದು. ನಾನೇ ಮಾಡಿದ್ದು, ಅಂಥ ಹೆಸರನ್ನು ಬೇರೆ ಯಾರೂ ಇಡುವುದಿಲ್ಲ: ‘ಬೇಡದ್ದು’. ಕೆಳಗೆ ತಾರೀಖು, ಮಧ್ಯಾಹ್ನ ಹನ್ನೆರಡು ಹತ್ತು.

ಏಳು ವಾರದ ಹಿಂದಿನ ತಾರೀಖು. ಫಿಟ್ಟರ್ ಬಿದ್ದದ್ದಕ್ಕಿಂತ ಒಂಬತ್ತು ದಿನ ಮೊದಲು.

ನನ್ನ ಕಾಲು ಕುಣಿಯುವುದು ನಿಂತಿತು.

ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಅವತ್ತು ನಕ್ಷೆ ತೆರೆಯದೆ ಸತಾಯಿಸಿತ್ತು. ಫೈಲು ಕೆಟ್ಟಿದೆ ಎಂದು ನಾನು ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡಿದ್ದೆ. ಕೆಟ್ಟಿರಲಿಲ್ಲ, ಬರೇ ಚಿಂದಿಯಾಗಿತ್ತು. ಪೂರ್ತಿ ನೋಡುವ ವ್ಯವಧಾನ ನನಗೆಲ್ಲಿ? ಇದ್ದ ನಕ್ಷೆಯನ್ನು ‘ಬೇಡದ್ದು’ ಎಂದು ಪಕ್ಕಕ್ಕೆ ಹಿಡಿದಿಟ್ಟು, ಹಿಂದಿನ ಸಂಜೆಯ ಸ್ನ್ಯಾಪ್‌ಶಾಟನ್ನೇ ಅವತ್ತಿನ ನಕ್ಷೆಯಾಗಿ ಕೂರಿಸಿದ್ದೆ. ಅಂದರೆ ಆ ದಿನ ಬೆಳಗ್ಗೆಯಿಂದ ಹನ್ನೆರಡರವರೆಗೆ ಯಾರು ಏನು ಬರೆದಿದ್ದರೋ ಅದಿಷ್ಟೂ ನಕ್ಷೆಯಿಂದ ಮಾಯ. ಕೋಣೆಯಲ್ಲಿದ್ದ ಇಬ್ಬರಿಗೆ ಬೆಳಗಿನದನ್ನು ಮತ್ತೆ ಹಾಕಿ ಎಂದು ಹೇಳಿದ್ದೆ. ಭಾವ ಊಟಕ್ಕೆ ಹೋಗಿದ್ದರು. ಬಂದ ಮೇಲೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಫೋನ್ ಬಂತು. ಆಮೇಲೆ ನೆನಪಾಗಲಿಲ್ಲ.

ಸಂಜೆಯ ಸ್ನ್ಯಾಪ್‌ಶಾಟುಗಳಲ್ಲಿ ಹುಡುಕಿದರೆ ಅದು ಎಲ್ಲಿ ಸಿಗಬೇಕು? ಸಂಜೆಯಾಗುವ ಮೊದಲೇ ನಾನು ಅಳಿಸಿಯಾಗಿತ್ತು.

‘ಬೇಡದ್ದು’ ತೆರೆದೆ. ಮೂರು ನಿಮಿಷ. ಚಿಂದಿಯಾದ ನಕ್ಷೆ ಚೂರುಚೂರಾಗಿ ಪರದೆಗೆ ಬಂತು, ಮೊದಲು ನದಿ, ಆಮೇಲೆ ದೊಡ್ಡ ರಸ್ತೆಗಳು, ಆಮೇಲೆ ಗಲ್ಲಿಗಳು. ಫಿಟ್ಟರ್ ಬಿದ್ದ ಚೌಕದ ಮೂಲೆಗೆ ಹೋದೆ. ಹದಿನೇಳನೇ ವಾಲ್ವ್ ಹಸಿರಾಗಿತ್ತು. ತೆರೆದಿದೆ. ಪಕ್ಕದಲ್ಲಿ ಭಾವನ ಗುರುತು, ಬೆಳಗ್ಗೆ ಹನ್ನೊಂದು ಇಪ್ಪತ್ತು.

ನನಗೆ ಮೊದಲು ಆದದ್ದು ಸಂತೋಷವಲ್ಲ. ಸುಳ್ಳು ಯಾಕೆ ಹೇಳಲಿ, ಭಯವಾಯಿತು. ಕಬ್ಬಿಣದ ಸರಳು ಹಾಕಿದ ಫಿಟ್ಟರನ ಕಾಲು ನೆನಪಾಯಿತು. ಅವನನ್ನು ನೋಡಲು ಹಣ್ಣು ಹಿಡಿದುಕೊಂಡು ಹೋಗಿದ್ದೆ ನಾನು, ‘ನಮ್ಮ ಭಾವನಿಂದ ಹೀಗಾಯ್ತು, ಕ್ಷಮಿಸಿ’ ಎಂದು ಬೇರೆ ಹೇಳಿ ಬಂದಿದ್ದೆ. ಆ ಕಾಲು ಈಗ ನನ್ನ ಲೆಕ್ಕಕ್ಕೆ ಬಂತು. ಇದನ್ನೊಂದು ಅಳಿಸಿದರೆ ಮುಗಿಯಿತು. ಅಳಿಸು ಎಂದು ದೊಡ್ಡವರೇ ಹೇಳಿದ್ದಾರೆ. ಸರ್ವರ್ ನಿರಾಳವಾಗುತ್ತದೆ, ನಕ್ಷೆ ಚಕ್ಕನೆ ತೆರೆಯುತ್ತದೆ, ಭಾವ ಸಹಿ ಹಾಕುತ್ತಾರೆ, ಉಗ್ರಾಣದಲ್ಲೇನು ಹುಲಿ ಇದೆಯೇ? ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ನಾನು ಹೀಗೆ ಯೋಚಿಸಿದ್ದು ಒಂದು ಗಳಿಗೆಯಲ್ಲ, ಪೂರಾ ಹತ್ತು ನಿಮಿಷ.

ಬಾಗಿಲಲ್ಲಿ ದೊಡ್ಡವರು ಬಂದು ನಿಂತರು. ಕೈಗಡಿಯಾರ ನೋಡಿಕೊಂಡರು. “ಆಯ್ತಾ?”

“ಒಂದು ಉಳಿದಿದೆ ಸಾರ್.”

“ಅದನ್ನೂ ತೆಗೀರಿ ಮತ್ತೆ.”

ಅವರ ಹಿಂದೆ ಪಡಸಾಲೆಯ ಬೆಂಚಿನಲ್ಲಿ ಭಾವ ಕೂತಿರುವುದು ಕಾಣಿಸಿತು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಪತ್ರದ ಲಕೋಟೆ. ಅಂಗೈ ನೋಡಿಕೊಂಡರು. ತುಟಿ ಅಲ್ಲಾಡುತ್ತಿತ್ತು. ಹೆಂಡತಿಯ ಹೆಸರು, ಮಕ್ಕಳ ಹೆಸರು. ಪರೀಕ್ಷೆಗೆ ಹೋಗುವ ಮಗುವಿನ ಹಾಗೆ.

“ತೆಗೆಯಲ್ಲ ಸಾರ್,” ಅಂದೆ. “ಭಾವ, ಒಂದು ನಿಮಿಷ ಇಲ್ಲಿ ಬನ್ನಿ.”

ಭಾವ ಬಂದು ಪರದೆಗೆ ಬಗ್ಗಿದರು. ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.

“ಹನ್ನೊಂದು ಇಪ್ಪತ್ತು,” ಅಂದರು. ಆಮೇಲೆ ಆ ಗುರುತಿನ ಮೇಲೆ ಬೆರಳಿಟ್ಟು, “ಅವತ್ತು ಪೆನ್ನು ಸೋರಿ ಜೇಬೆಲ್ಲಾ ನೀಲಿಯಾಗಿತ್ತು. ಸಂಜೆ ಮನೇಲಿ ನಿಮ್ಮಕ್ಕ ಬೈದ್ಲು. ಕೈ ತೊಳ್ಕೊಂಡು ಬಂದು, ಚೀಟಿ ನೋಡಿ ಹಾಕ್ದೆ, ಆಮೇಲೆ ಊಟಕ್ಕೆ ಹೋದೆ. ನಂಗೆ ಹಾಗೇ ನೆನಪಿತ್ತು.”

“ಹಾಗೇ ಆಗಿದ್ದು ಭಾವ.”

“ಮರೆತಿರಲಿಲ್ಲ.”

“ಇಲ್ಲ.”

ಅವರು ಕುರ್ಚಿ ಎಳೆದುಕೊಂಡು ಕೂತರು. ಮುಖ ಸಡಿಲವಾಯಿತು, ಕಣ್ಣು ತುಂಬಿತು. ಆಮೇಲೆ ಆ ಪ್ರಶ್ನೆ ಬಂತು.

“ಮತ್ತೆ ಎಲ್ಲಿ ಹೋಗಿತ್ತು?”

“ನಾನು ತೆಗ್ದೆ. ಅವತ್ತು ಮಧ್ಯಾಹ್ನ ಹಿಂದಿನ ದಿನದ ನಕ್ಷೆ ಕೂರಿಸ್ದೆ. ನಿಮಗೆ ಹೇಳೋದು ಮರ್ತೆ.”

ದೊಡ್ಡವರು ಕೈಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ಭಾವ ನನ್ನ ಕಡೆ ತಿರುಗಲೇ ಇಲ್ಲ. ಪರದೆಯ ಆ ಹಸಿರು ಚುಕ್ಕೆಯನ್ನೇ ನೋಡುತ್ತಾ ಹೇಳಿದರು.

“ಆರು ವಾರ ಕಣೇ. ನನ್ನ ತಲೇನ ನಾನೇ ನಂಬ್ಲಿಲ್ಲ. ನಿನ್ನ ಮಾತು ನಂಬ್ದೆ.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದರು. ಆ ಕೈಯಲ್ಲಿ ಮೂರು ಸಾಲು ಕಾಣಿಸಿತು. ಗ್ಯಾಸ್ ಆರಿಸಿದೆ. ಬೀಗ ಹಾಕಿದೆ. ನಾಲ್ಕು ಗಂಟೆ, ಸಹಿ. ಅವರೂ ಅದನ್ನು ನೋಡಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಕೊನೆಯ ಸಾಲನ್ನು ಉಜ್ಜತೊಡಗಿದರು. ಆಮೇಲೆ ಮೇಲಿನ ಎರಡನ್ನೂ ಉಜ್ಜಿದರು. ಅಂಗೈಯೆಲ್ಲ ನೀಲಿಯಾಯಿತು.

“ಬಾ,” ಎಂದು ಎದ್ದರು. “ನೀನೇ ಹೇಳು ಅವರಿಗೆ. ನಿಧಾನಕ್ಕೆ ಹೇಳು.”

ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು. ಒಬ್ಬರು ಬರೆದುಕೊಳ್ಳುತ್ತಿದ್ದರು, ತುಂಬಾ ನಿಧಾನದ ಕೈ. ನಾನು ಕೂತು, ಆ ಮಧ್ಯಾಹ್ನದ ಹನ್ನೆರಡು ಹತ್ತರಿಂದ ಶುರುಮಾಡಿದೆ. ಒಂದೊಂದು ವಾಕ್ಯ ಮುಗಿದಾಗಲೂ ಅವರ ಪೆನ್ನು ನಿಲ್ಲುವವರೆಗೆ ಕಾದೆ.